ವರ್ಚುವಲ್ ಮಷೀನಿಗೆ ಎಷ್ಟು ಡಿಸ್ಕ್ ಕೊಡಬೇಕು? ಅಳತೆ ಹಾಕುವುದರಿಂದ ಹಿಗ್ಗಿಸುವವರೆಗೆ ಪೂರ್ತಿ ಮಾರ್ಗದರ್ಶಿ

ವರ್ಚುವಲ್ ಮಷೀನ್ (ನಿಮ್ಮ ಕಂಪ್ಯೂಟರಿನ ಒಳಗೆ ತಂತ್ರಾಂಶದಿಂದ ಓಡುವ ಇನ್ನೊಂದು ಕಂಪ್ಯೂಟರ್) ಮಾಡುವಾಗ ರ್‍ಯಾಮ್ ಎಷ್ಟು ಕೊಡಲಿ, ಕೋರ್ ಎಷ್ಟು ಕೊಡಲಿ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಡಿಸ್ಕಿನ ಪುಟ ಬಂದಾಗ ಮಾತ್ರ ಅಲ್ಲಿರುವ ಸಂಖ್ಯೆಯನ್ನೇ ಒಪ್ಪಿ ನೆಕ್ಸ್ಟ್ ಒತ್ತುತ್ತಾರೆ. ನಿಜವಾಗಿ ಯೋಚಿಸಬೇಕಾದ ಜಾಗ ಅದೇ. ರ್‍ಯಾಮ್ ಕಮ್ಮಿ ಆದರೆ ಮಷೀನ್ ಆಫ್ ಮಾಡಿ ಸ್ಲೈಡರ್ ಎಳೆದರೆ ಮುಗಿಯಿತು. ಡಿಸ್ಕಿನ ಒಳಗೆ ಪಾರ್ಟಿಷನ್ (ಡಿಸ್ಕನ್ನು ಹಂಚಿದ ಒಂದು ಭಾಗ) ಇರುತ್ತದೆ, ಫೈಲ್ ಸಿಸ್ಟಮ್ (ಆ ಭಾಗದಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ) ಇರುತ್ತದೆ, ನಿಮ್ಮ ಕೆಲಸವೂ ಇರುತ್ತದೆ. ಅದನ್ನು ದೊಡ್ಡದು ಮಾಡಲು ಒಂದೆರಡು ಹಂತ ಜಾಸ್ತಿ ಬೇಕು. ಚಿಕ್ಕದು ಮಾಡುವುದಂತೂ ದೊಡ್ಡ ತಲೆನೋವು.

ಹಾಗಾಗಿ ಈ ಬರಹದ ಉದ್ದಕ್ಕೂ ಒಂದೇ ಲೆಕ್ಕ ನಡೆಯುತ್ತದೆ. ಹಿಗ್ಗಿಸಬಹುದು, ಕುಗ್ಗಿಸುವುದು ಕಷ್ಟ. ಅದಕ್ಕೇ ಬೇಕಾದಷ್ಟಕ್ಕೆ ಶುರು ಮಾಡಿ, ಬೆಳೆಯಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ಜಾಗ ಉಳಿಸಿಕೊಳ್ಳಿ.

ಬೆಂಗಳೂರಿನಲ್ಲಿ ಇದನ್ನು ಮಾಡಲು ಕೂರುವವರಲ್ಲಿ ಕಾಲೇಜಿನ ಲ್ಯಾಬಿಗೋ ಪ್ರಾಜೆಕ್ಟಿಗೋ ಲಿನಕ್ಸ್ ಬೇಕಾದವರಿದ್ದಾರೆ. ಮಾರತ್ತಹಳ್ಳಿ, ಬಿಟಿಎಂ ಕಡೆ ಪಿಜಿಯಲ್ಲಿದ್ದುಕೊಂಡು ಡೆವಾಪ್ಸ್, ಕ್ಲೌಡ್ ಕಲಿಯುತ್ತಾ ಕೆಲಸ ಹುಡುಕುತ್ತಿರುವವರೂ ಇದ್ದಾರೆ. ಕೈಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ಅದರಲ್ಲಿ 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, ಮೇಲೆ ವಿಂಡೋಸ್ 11 ಅಂದುಕೊಳ್ಳೋಣ. ಉದಾಹರಣೆಗೆಲ್ಲ ಇದೇ ಲ್ಯಾಪ್‌ಟಾಪ್ ಇಟ್ಟುಕೊಳ್ಳುತ್ತೇನೆ. ಹಂತಗಳನ್ನು ವರ್ಚುವಲ್ ಮಷೀನ್ ಓಡಿಸುವ ತಂತ್ರಾಂಶವಾದ ಓರಾಕಲ್ ವರ್ಚುವಲ್‌ಬಾಕ್ಸ್‌ನಲ್ಲಿ ತೋರಿಸುತ್ತೇನೆ, ಅದು ಪುಕ್ಕಟೆ ಸಿಗುತ್ತದೆ ಮತ್ತು ವಿಂಡೋಸ್ ಹೋಮ್ ಆವೃತ್ತಿಯಲ್ಲೂ ಓಡುತ್ತದೆ. ಇದೇ ಕೆಲಸ ಮಾಡುವ ಹೈಪರ್-ವಿ, ವಿಎಂವೇರ್, ಕೆವಿಎಂ ಬಳಸುವವರಿಗೆ ವ್ಯತ್ಯಾಸ ಇರುವ ಕಡೆ ಹೇಳುತ್ತಾ ಹೋಗುತ್ತೇನೆ. ನಿಮ್ಮ ನಿಜವಾದ ಲ್ಯಾಪ್‌ಟಾಪ್ ಹೋಸ್ಟ್, ಒಳಗೆ ಓಡುವ ಮಷೀನ್ ಗೆಸ್ಟ್. ಈ ಎರಡು ಪದ ಗೊತ್ತಿದ್ದರೆ ಸಾಕು.

ಮೊದಲು ಹೋಸ್ಟ್‌ನ ಲೆಕ್ಕ

ಪೆಟ್ಟಿಗೆ ಮೇಲೆ 512 ಜಿಬಿ ಅಂತ ಬರೆದಿರುತ್ತದೆ. ವಿಂಡೋಸ್ ತೆರೆದರೆ ಸುಮಾರು 476 ಜಿಬಿ ಕಾಣುತ್ತದೆ. ಯಾರೂ ಮೋಸ ಮಾಡಿಲ್ಲ. ಡಿಸ್ಕ್ ಮಾಡುವ ಕಂಪನಿ 1 ಜಿಬಿ ಅಂದರೆ 100 ಕೋಟಿ ಬೈಟ್ ಅಂತ ಎಣಿಸುತ್ತದೆ. ವಿಂಡೋಸ್ 1024ರ ಗುಣಾಕಾರದಲ್ಲಿ ಎಣಿಸುತ್ತದೆ, ಅಂದರೆ ಅದರ 1 ಜಿಬಿ 107 ಕೋಟಿ ಬೈಟ್‌ಗೂ ಸ್ವಲ್ಪ ಜಾಸ್ತಿ. ವರ್ಚುವಲ್‌ಬಾಕ್ಸ್ ಕೂಡ 1024ರ ಲೆಕ್ಕವನ್ನೇ ಹಿಡಿಯುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿರುವುದು 476 ಅಂತಲೇ ಇಟ್ಟುಕೊಂಡು ಕಳೆಯುತ್ತಾ ಹೋಗಿ.

ವಿಂಡೋಸ್, ಅಪ್ಲಿಕೇಶನ್‌ಗಳು, ನಿಮ್ಮ ಫೋಟೋ ಮತ್ತು ಡೌನ್‌ಲೋಡ್ ಸೇರಿ 120 ಜಿಬಿ ಹೋಯಿತು ಅನ್ನೋಣ. ಎಸ್‌ಎಸ್‌ಡಿ ಪೂರ್ತಿ ತುಂಬಿದರೆ ಬರೆಯುವ ವೇಗ ಬೀಳುತ್ತದೆ, ವಿಂಡೋಸ್ ಅಪ್‌ಡೇಟಿಗೂ ಜಾಗ ಬೇಕು. ಅದಕ್ಕೆ 76 ಜಿಬಿ ಮುಟ್ಟದೆ ಬಿಡಿ. ಉಳಿದಿದ್ದು 280. ಉಬುಂಟು ಡೆಸ್ಕ್‌ಟಾಪ್ ಮತ್ತು ವಿಂಡೋಸ್ 11ರ ಐಎಸ್‌ಒ ಫೈಲುಗಳು (ಇನ್‌ಸ್ಟಾಲ್ ಮಾಡಲು ಬೇಕಾದ ಡಿಸ್ಕಿನ ಪ್ರತಿಗಳು) ಸೇರಿ 12 ಜಿಬಿ ಅಂತ ಹಿಡಿಯಿರಿ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಮಷೀನನ್ನು ಶಟ್‌ಡೌನ್ ಮಾಡದೆ ಸೇವ್ ಸ್ಟೇಟ್ ಕೊಟ್ಟರೆ ಅದರ ರ್‍ಯಾಮಿನಲ್ಲಿ ಇರುವುದೆಲ್ಲ ಹೋಸ್ಟ್ ಡಿಸ್ಕಿನಲ್ಲಿ ಒಂದು ಫೈಲಾಗಿ ಕೂರುತ್ತದೆ. 8 ಜಿಬಿ ರ್‍ಯಾಮಿನ ಮಷೀನಿಗೆ 8 ಜಿಬಿಯವರೆಗೂ ಬೇಕಾಗಬಹುದು. ಅದನ್ನೂ ತೆಗೆದರೆ ಕೈಗೆ ಸಿಗುವುದು 260 ಜಿಬಿ.

512ರ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಮಷೀನುಗಳಿಗೆ ಸಿಗುವ ನಿಜವಾದ ಜಾಗ ಇಷ್ಟೇ. ಮುಂದಿನ ಎಲ್ಲ ತೀರ್ಮಾನವೂ ಈ 260ರ ಒಳಗೆ ಆಗಬೇಕು. ನಿಮ್ಮ ಲ್ಯಾಪ್‌ಟಾಪಿನ ಸಂಖ್ಯೆ ಬೇರೆ ಇರುತ್ತದೆ, ಕಳೆಯುವ ಕ್ರಮ ಇದೇ.

ಗೆಸ್ಟಿಗೆ ಎಷ್ಟು?

ಆಪರೇಟಿಂಗ್ ಸಿಸ್ಟಮ್ ಮಾಡಿದವರು ಕನಿಷ್ಠ ಎಷ್ಟು ಬೇಕು ಅಂತ ಹೇಳಿರುತ್ತಾರೆ. ಉಬುಂಟು ಡೆಸ್ಕ್‌ಟಾಪಿಗೆ 25 ಜಿಬಿ. ವಿಂಡೋಸ್ 11ಕ್ಕೆ 64 ಜಿಬಿ. ವಿಂಡೋಸ್ ಸರ್ವರ್ 2022ಕ್ಕೆ 32 ಜಿಬಿ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ಕ್ಕೆ ಕನಿಷ್ಠ 10, ಆದರೆ 20 ಇರಲಿ ಅನ್ನುತ್ತಾರೆ. ಇದು ಇನ್‌ಸ್ಟಾಲ್ ಆಗಿ ಎದ್ದು ನಿಲ್ಲಲು ಬೇಕಾದ ಅಳತೆ, ಅಷ್ಟೇ. ಅದರ ಮೇಲೆ ನೀವು ಮಾಡುವ ಕೆಲಸದ ತೂಕ ಸೇರಿಸಬೇಕು.

ಕೆಲಸದ ತೂಕ ಎಲ್ಲಿಂದ ಬರುತ್ತದೆ ಅಂತ ನೋಡಿ. ಡಾಕರ್ (ಅಪ್ಲಿಕೇಶನ್ ಅನ್ನು ಕಂಟೇನರ್ ಎಂಬ ಪೊಟ್ಟಣದಲ್ಲಿ ಓಡಿಸುವ ಉಪಕರಣ) ಕಲಿಯುತ್ತಿದ್ದರೆ ಇಮೇಜುಗಳೆಲ್ಲ, ಅಂದರೆ ಆ ಪೊಟ್ಟಣಗಳ ಅಚ್ಚುಗಳು, ವಾರ್ ಡೈರೆಕ್ಟರಿಯ ಒಳಗಿನ ಲಿಬ್ ಫೋಲ್ಡರಿನಲ್ಲಿ ಸೇರುತ್ತಾ ಹೋಗುತ್ತವೆ. ಹಳೆಯ ಇಮೇಜುಗಳು ತಾವಾಗಿಯೇ ಹೋಗುವುದಿಲ್ಲ. ಮಿನಿಕ್ಯೂಬ್ ಹಾಕಿ ಕುಬರ್ನೆಟಿಸ್ (ಹಲವು ಕಂಟೇನರುಗಳನ್ನು ನಿಭಾಯಿಸುವ ವ್ಯವಸ್ಥೆ) ಕಲಿಯುವವರಿಗೆ 20 ಜಿಬಿ ಖಾಲಿ ಜಾಗ ಬೇಕು ಅಂತ ಅದರ ದಾಖಲೆಯೇ ಹೇಳುತ್ತದೆ. ಲಿನಕ್ಸಿನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಲಾಗುಗಳು ಫೈಲ್ ಸಿಸ್ಟಮಿನ ಶೇಕಡಾ 10ರವರೆಗೆ, ಹೆಚ್ಚೆಂದರೆ 4 ಜಿಬಿವರೆಗೆ ಬೆಳೆಯುತ್ತವೆ. ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಶೇಕಡಾ 5ರಷ್ಟು ಜಾಗವನ್ನು ಲಿನಕ್ಸಿನ ಆಡಳಿತಗಾರನಾದ ರೂಟ್ ಬಳಕೆದಾರನಿಗೆ ಅಂತ ಎತ್ತಿಡುತ್ತದೆ. 40 ಜಿಬಿಯಲ್ಲಿ ಅದೇ 2 ಜಿಬಿ. ‘ನಾನು ಕೊಟ್ಟಿದ್ದು ಇಷ್ಟು, ಕಾಣುವುದು ಅಷ್ಟು’ ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ.

ವಿಂಡೋಸ್ ಗೆಸ್ಟಿನ ಹೊಟ್ಟೆ ಇನ್ನೂ ದೊಡ್ಡದು. ಅಪ್‌ಡೇಟಿಗೆ ಅಂತ ಅದು ಸುಮಾರು 7 ಜಿಬಿ ಕಾದಿರಿಸುತ್ತದೆ. ದೊಡ್ಡ ಆವೃತ್ತಿ ಬದಲಾದಾಗ ಹಳೆಯ ವಿಂಡೋಸ್ ಅನ್ನು 10 ದಿನ ಪಕ್ಕದಲ್ಲೇ ಇಟ್ಟುಕೊಂಡಿರುತ್ತದೆ. ಪೇಜ್ ಫೈಲ್ ಬೇರೆ, ಹೈಬರ್ನೇಷನ್ ಫೈಲ್ ಬೇರೆ. ವರ್ಚುವಲ್ ಮಷೀನಿನಲ್ಲಿ ಹೈಬರ್ನೇಷನ್ ಇಟ್ಟುಕೊಂಡು ಏನೂ ಪ್ರಯೋಜನ ಇಲ್ಲ, ಸೇವ್ ಸ್ಟೇಟ್ ಇದೆ ಅಲ್ವಾ? ಆಡಳಿತಗಾರರ ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ ಕಮಾಂಡಿನಿಂದ ಅದನ್ನು ಆಫ್ ಮಾಡಿದರೆ ಕೆಲವು ಜಿಬಿ ಉಳಿಯುತ್ತದೆ.

ನಾನು ಹಾಕುವ ಲೆಕ್ಕ ಸರಳ. ಕನಿಷ್ಠ ಅಳತೆ ತೆಗೆದುಕೊಳ್ಳಿ. ನಿಮ್ಮ ಉಪಕರಣಗಳ ಅಳತೆ ಕೂಡಿಸಿ. ಬಂದ ಮೊತ್ತದ ಕಾಲು ಭಾಗವನ್ನು ಮತ್ತೆ ಸೇರಿಸಿ. ಉಬುಂಟು ಡೆಸ್ಕ್‌ಟಾಪಿಗೆ 25, ಎಡಿಟರ್ ಮತ್ತು ಭಾಷೆಯ ಉಪಕರಣಗಳಿಗೆ 7, ಒಟ್ಟು 32. ಕಾಲು ಭಾಗ 8 ಸೇರಿಸಿದರೆ 40. ವಿಂಡೋಸ್ 11ಕ್ಕೆ 64ರ ಮೇಲೆ ಕಾಲು ಭಾಗ ಸೇರಿಸಿದರೆ 80. ಟರ್ಮಿನಲ್ ಮಾತ್ರ ಇರುವ ಉಬುಂಟು ಸರ್ವರಿಗೆ, ಅದರಲ್ಲಿ ಒಂದು ವೆಬ್ ಸರ್ವರ್ ಓಡಿಸುವುದಷ್ಟೇ ಆದರೆ, 20 ಧಾರಾಳ. ಪ್ರಾಜೆಕ್ಟಿನ ಫೈಲು, ಡೇಟಾಬೇಸ್, ಕಂಟೇನರ್ ಇಮೇಜುಗಳಿಗೆ ಬೇರೆಯೇ ಒಂದು 60ರ ಡಿಸ್ಕ್. ಎಲ್ಲ ಸೇರಿ 200. ಕೈಯಲ್ಲಿ 260 ಇತ್ತು. ಉಳಿದ 60 ಸ್ನ್ಯಾಪ್‌ಶಾಟಿಗೆ (ಮಷೀನಿನ ಈಗಿನ ಸ್ಥಿತಿಯನ್ನು ಹಿಡಿದಿಟ್ಟು, ಬೇಕಾದಾಗ ಅಲ್ಲಿಗೆ ಮರಳುವ ಸೌಲಭ್ಯ) ಮತ್ತು ನಾಳೆ ಹಿಗ್ಗಿಸಲು.

ಡೇಟಾಗೆ ಬೇರೆ ಡಿಸ್ಕ್ ಏಕೆ ಅಂತ ಕೇಳಬಹುದು. ಅದಕ್ಕೆ ಮುಂದೆ ಬರುತ್ತೇನೆ.

ಡೈನಾಮಿಕ್ಕೋ ಫಿಕ್ಸೆಡ್ಡೋ

ಗೆಸ್ಟಿನ ಡಿಸ್ಕ್ ಅಂದರೆ ಹೋಸ್ಟ್‌ನಲ್ಲಿ ಒಂದು ಫೈಲ್. ಡೈನಾಮಿಕ್ ಡಿಸ್ಕಿಗೆ ನೀವು 80 ಜಿಬಿ ಅಂತ ಹೇಳಿದರೂ ಹೋಸ್ಟ್‌ನಲ್ಲಿ ಫೈಲ್ ಶುರುವಾಗುವುದು ಕೆಲವೇ ಎಂಬಿಯಿಂದ. ಗೆಸ್ಟ್ ಒಳಗೆ ಬರೆದಂತೆ ಫೈಲ್ ಬೆಳೆಯುತ್ತದೆ. ವರ್ಚುವಲ್‌ಬಾಕ್ಸಿನ ವಿಡಿಐ ಡಿಸ್ಕ್ ಫೈಲ್ ಒಂದೊಂದು ಎಂಬಿ ತುಂಡಿನಲ್ಲಿ ಬೆಳೆಯುತ್ತದೆ. ಫಿಕ್ಸೆಡ್ ಡಿಸ್ಕಾದರೆ 80 ಜಿಬಿಯನ್ನೂ ಮೊದಲೇ ಹಿಡಿದಿಡುತ್ತದೆ.

ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪಿನಲ್ಲಿ ವೇಗದ ವ್ಯತ್ಯಾಸ ನಿಮಗೆ ಗೊತ್ತಾಗುವುದೇ ಕಷ್ಟ. ಕಲಿಯುವ ಕೆಲಸಕ್ಕೆ ಡೈನಾಮಿಕ್ಕೇ ಸರಿ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ಡೇಟಾಬೇಸ್ ಓಡಿಸುವುದಾದರೆ ಫಿಕ್ಸೆಡ್ ಯೋಚಿಸಬಹುದು. ಕಚೇರಿಯ ಸರ್ವರಿನಲ್ಲಿ ಜಾಗ ಖಾಲಿಯಾಗಿ ಮಷೀನ್ ನಿಲ್ಲಲೇಬಾರದು ಅಂತಿದ್ದರೂ ಫಿಕ್ಸೆಡ್.

ಡೈನಾಮಿಕ್ಕಿನ ಅಪಾಯ ಬೇರೆ ಇದೆ. 260 ಜಿಬಿ ಇಟ್ಟುಕೊಂಡು ಐದು ಮಷೀನಿಗೆ ತಲಾ 100 ಜಿಬಿ ಕೊಟ್ಟರೂ ಅದು ಬೇಡ ಅನ್ನುವುದಿಲ್ಲ. ಸಾವಿರ ಜನರನ್ನು ಮದುವೆಗೆ ಕರೆದು, ಎಲ್ಲರೂ ಬರಲ್ಲ ಬಿಡು ಅಂತ ಐನೂರು ಎಲೆಗೆ ಅಡುಗೆ ಮಾಡಿಸಿದ ಹಾಗೆ. ನಡೆದರೆ ನಡೆಯಿತು. ಎಲ್ಲರೂ ಒಂದೇ ಪಂಕ್ತಿಗೆ ಬಂದರೆ ಮಾನ ಹೋಗುತ್ತದೆ. ದೊಡ್ಡ ಡೇಟಾ ಸೆಂಟರಿನವರು ಹೀಗೆ ಮಾಡುತ್ತಾರೆ ನಿಜ. ಆದರೆ ಅವರ ಬಳಿ ಜಾಗ ಎಷ್ಟು ಉಳಿದಿದೆ ಅಂತ ಸದಾ ಕಾಯುವ ವ್ಯವಸ್ಥೆ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಕಾಯುವವರು ನೀವೊಬ್ಬರೇ. ಅದಕ್ಕೇ ಡೈನಾಮಿಕ್ ಇಟ್ಟರೂ ಎಲ್ಲ ಡಿಸ್ಕಿನ ಗರಿಷ್ಠ ಅಳತೆ ಕೂಡಿಸಿದರೆ ಹೋಸ್ಟ್‌ನ ಖಾಲಿ ಜಾಗ ಮೀರದ ಹಾಗೆ ನೋಡಿಕೊಳ್ಳಿ.

ಯಾವ ಫಾರ್ಮ್ಯಾಟ್

ಇದರಲ್ಲಿ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ವರ್ಚುವಲ್‌ಬಾಕ್ಸಿಗೆ ವಿಡಿಐ, ವಿಎಂವೇರಿಗೆ ವಿಎಂಡಿಕೆ, ಹೈಪರ್-ವಿಗೆ ವಿಎಚ್‌ಡಿಎಕ್ಸ್, ಕೆವಿಎಂಗೆ ಕ್ಯೂಕೌ2. ಆಯಾ ತಂತ್ರಾಂಶದ ಸ್ವಂತ ಫಾರ್ಮ್ಯಾಟನ್ನೇ ಹಿಡಿಯಿರಿ. ಬೇರೆ ಕಡೆ ಒಯ್ಯಬೇಕಾದಾಗ ಬದಲಾಯಿಸಿಕೊಳ್ಳಬಹುದು. ಹಳೆಯ ವಿಎಚ್‌ಡಿಗೆ 2040 ಜಿಬಿಯ ಮಿತಿ ಇದೆ, ವಿಎಚ್‌ಡಿಎಕ್ಸ್ 64 ಟಿಬಿವರೆಗೆ ಹೋಗುತ್ತದೆ. ಗೆಳೆಯರ ವಿಎಂವೇರಿಗೆ ಕೊಡಲೇಬೇಕು ಅಂತ ಮೊದಲೇ ಗೊತ್ತಿದ್ದರೆ ಮಾತ್ರ ವಿಎಂಡಿಕೆಯಲ್ಲಿ ಶುರು ಮಾಡಿ. ವರ್ಚುವಲ್‌ಬಾಕ್ಸಿನಲ್ಲಿ ವಿಎಂಡಿಕೆಯನ್ನು ನೇರವಾಗಿ ಹಿಗ್ಗಿಸಲು ಹೋದರೆ ತೊಡಕು.

ಡಿಸ್ಕ್ ಮಾಡುವ ಹಂತಗಳು

ಆವೃತ್ತಿಯಿಂದ ಆವೃತ್ತಿಗೆ ಗುಂಡಿಗಳ ಜಾಗ ಸ್ವಲ್ಪ ಬದಲಾಗುತ್ತದೆ. ವರ್ಚುವಲ್‌ಬಾಕ್ಸ್ 7ನ್ನು ಇಟ್ಟುಕೊಂಡು ಹೇಳುತ್ತಿದ್ದೇನೆ.

1. ಮೊದಲು ಫೈಲ್ ಮೆನುವಿನ ಪ್ರಿಫರೆನ್ಸಸ್‌ಗೆ ಹೋಗಿ ಡಿಫಾಲ್ಟ್ ಮಷೀನ್ ಫೋಲ್ಡರ್ ಎಲ್ಲಿದೆ ಅಂತ ನೋಡಿ. ಅದು ಸಿ ಡ್ರೈವಿನಲ್ಲಿ ನಿಮ್ಮ ಬಳಕೆದಾರರ ಫೋಲ್ಡರ್ ಒಳಗಿರುತ್ತದೆ. ಬೇರೆ ಡ್ರೈವ್ ಇದ್ದರೆ ಈಗಲೇ ಬದಲಾಯಿಸಿ. ಒನ್‌ಡ್ರೈವ್‌ನಂಥ ಸಿಂಕ್ ಆಗುವ ಫೋಲ್ಡರಿನಲ್ಲಿ ಮಾತ್ರ ಇಡಬೇಡಿ. ಗೆಸ್ಟ್ ಒಂದು ಸಾಲು ಬರೆದರೂ ಡಿಸ್ಕ್ ಫೈಲ್ ಬದಲಾಗುತ್ತದೆ. ಅಷ್ಟು ದೊಡ್ಡ ಫೈಲಿನ ಹಿಂದೆ ಸಿಂಕ್ ಓಡುತ್ತಲೇ ಇದ್ದರೆ ನಿಮ್ಮ ಪಿಜಿಯ ವೈಫೈ ಕಥೆ ಮುಗಿಯಿತು.

2. ನ್ಯೂ ಒತ್ತಿ ಹೆಸರು ಕೊಡಿ, ಐಎಸ್‌ಒ ಆರಿಸಿ. ವಿಂಡೋಸ್ 11 ಹಾಕುವುದಾದರೆ ಇಎಫ್‌ಐ (ಹೊಸ ಬಗೆಯ ಬೂಟ್ ವ್ಯವಸ್ಥೆ) ಮತ್ತು ಟಿಪಿಎಂ 2.0 (ಭದ್ರತಾ ಚಿಪ್) ಆನ್ ಇರಬೇಕು.

3. ಎಕ್ಸ್‌ಪರ್ಟ್ ಮೋಡಿಗೆ ಹೋಗಿ. ಫಾರ್ಮ್ಯಾಟ್ ಆರಿಸುವ ಪಟ್ಟಿ ಕಾಣುವುದು ಅಲ್ಲೇ. ಹಾರ್ಡ್ ಡಿಸ್ಕ್ ಭಾಗದಲ್ಲಿ ಹೊಸ ವರ್ಚುವಲ್ ಹಾರ್ಡ್ ಡಿಸ್ಕ್ ಮಾಡು ಅನ್ನುವುದನ್ನು ಆರಿಸಿ, ವಿಡಿಐ ಹಿಡಿಯಿರಿ.

4. ಸ್ಲೈಡರಿನಲ್ಲಿ 40 ತರಲು ಹೆಣಗಬೇಡಿ. ಪಕ್ಕದ ಪೆಟ್ಟಿಗೆಯಲ್ಲಿ ಸಂಖ್ಯೆಯನ್ನೇ ಟೈಪ್ ಮಾಡಿ. ಪ್ರೀ-ಅಲೊಕೇಟ್ ಫುಲ್ ಸೈಜ್ ಅನ್ನುವ ಚೌಕವನ್ನು ಖಾಲಿ ಬಿಟ್ಟರೆ ಡೈನಾಮಿಕ್, ಟಿಕ್ ಹಾಕಿದರೆ ಫಿಕ್ಸೆಡ್.

5. ಫಿನಿಶ್ ಒತ್ತಿದ ಮೇಲೆ ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟಕ್ಕೆ ಹೋಗಿ. ಡಿಸ್ಕನ್ನು ಆರಿಸಿ. ಹೋಸ್ಟ್‌ನಲ್ಲಿ ಎಸ್‌ಎಸ್‌ಡಿ ಇದ್ದರೆ ಸಾಲಿಡ್-ಸ್ಟೇಟ್ ಡ್ರೈವ್ ಚೌಕಕ್ಕೆ ಟಿಕ್ ಹಾಕಿ. ಆಗ ಗೆಸ್ಟ್ ವಿಂಡೋಸ್ ಸುಮ್ನೆ ಡಿಫ್ರ್ಯಾಗ್ ಮಾಡುತ್ತಾ ಕೂರುವುದಿಲ್ಲ.

6. ಅದೇ ಪುಟದಲ್ಲಿ ಕಂಟ್ರೋಲರಿನ (ಡಿಸ್ಕನ್ನು ಮಷೀನಿಗೆ ಜೋಡಿಸುವ ಭಾಗ) ಮೇಲೆ ಒತ್ತಿದರೆ ಯೂಸ್ ಹೋಸ್ಟ್ ಐ/ಒ ಕ್ಯಾಶ್ ಕಾಣುತ್ತದೆ. ಸೇಟಾ ಕಂಟ್ರೋಲರಿನಲ್ಲಿ ಅದು ಮೊದಲೇ ಆಫ್ ಇರುತ್ತದೆ, ಹಾಗೇ ಬಿಡಿ. ಆನ್ ಮಾಡಿದರೆ ಗೆಸ್ಟ್ ಬರೆದದ್ದು ಸ್ವಲ್ಪ ಹೊತ್ತು ಹೋಸ್ಟ್‌ನ ರ್‍ಯಾಮಿನಲ್ಲೇ ಉಳಿಯಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಇಟ್ಟುಕೊಂಡು ಮೇ ತಿಂಗಳ ಸಂಜೆ ಮಳೆಗೆ ಕರೆಂಟ್ ಹೋದರೆ ಆ ಭಾಗ ಹೋಯಿತು ಅಂತಲೇ ಲೆಕ್ಕ.

ಹೈಪರ್-ವಿಯಲ್ಲಿ ವಿಝಾರ್ಡ್ ಸುಮ್ನೆ 127 ಜಿಬಿ ಅಂತ ತುಂಬಿಕೊಂಡಿರುತ್ತದೆ. ಅದು ಡೈನಾಮಿಕ್ ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕು ಮಷೀನ್ ಮಾಡಿದರೆ 508 ಜಿಬಿಯ ಮಾತು ಕೊಟ್ಟಾಯಿತು, ಡಿಸ್ಕಿನಲ್ಲಿ ಇರುವುದೇ 476! ಆ ಸಂಖ್ಯೆಯನ್ನು ಬದಲಾಯಿಸಿ. ಕೆವಿಎಂ ಬಳಸುವವರು ಗಮನಿಸಬೇಕಾದ್ದು ಜಾಗ. ಕೆವಿಎಂ ಮಷೀನುಗಳನ್ನು ನಿಭಾಯಿಸುವ ಲಿಬ್‌ವರ್ಟ್ ಡಿಸ್ಕುಗಳನ್ನು ವಾರ್ ಡೈರೆಕ್ಟರಿಯ ಒಳಗೆ ಇಡುತ್ತದೆ. ಹೋಸ್ಟ್‌ನಲ್ಲಿ ರೂಟ್ (ಸಿಸ್ಟಮ್ ಇರುವ ಮುಖ್ಯ) ಪಾರ್ಟಿಷನ್ ಚಿಕ್ಕದು, ಹೋಮ್ ದೊಡ್ಡದು ಅಂತ ಮಾಡಿಕೊಂಡಿದ್ದರೆ ರೂಟ್ ಬೇಗ ತುಂಬುತ್ತದೆ. ವರ್ಟ್-ಮ್ಯಾನೇಜರಿನಲ್ಲಿ ಹೋಮ್ ಕಡೆ ಹೊಸ ಸ್ಟೋರೇಜ್ ಪೂಲ್ (ಡಿಸ್ಕ್ ಫೈಲುಗಳನ್ನು ಇಡುವ ಜಾಗ) ಮಾಡಿಕೊಳ್ಳಿ. ಅಲ್ಲಿ ವರ್ಟ್‌ಐಒ (ವರ್ಚುವಲ್ ಮಷೀನಿಗೆಂದೇ ಮಾಡಿದ ವೇಗದ ಬಗೆಯ) ಡಿಸ್ಕ್ ಕೊಟ್ಟು ವಿಂಡೋಸ್ ಹಾಕಲು ಹೋದರೆ ಇನ್‌ಸ್ಟಾಲರಿಗೆ ಡಿಸ್ಕೇ ಕಾಣುವುದಿಲ್ಲ. ವಿಂಡೋಸ್ ಜೊತೆ ಆ ಡ್ರೈವರ್ ಬರುವುದಿಲ್ಲ. ವರ್ಟ್‌ಐಒ-ವಿನ್ ಐಎಸ್‌ಒವನ್ನು ಎರಡನೇ ಸಿಡಿಯಾಗಿ ಸೇರಿಸಿ ಲೋಡ್ ಡ್ರೈವರ್ ಒತ್ತಬೇಕು.

ಡೇಟಾಗೆ ಬೇರೆ ಡಿಸ್ಕ್

ಆಪರೇಟಿಂಗ್ ಸಿಸ್ಟಮ್ ಒಂದು ಡಿಸ್ಕಿನಲ್ಲಿ, ನಿಮ್ಮ ಕೆಲಸ ಇನ್ನೊಂದರಲ್ಲಿ. ಇದು ನನ್ನ ಬಲವಾದ ಅಭಿಪ್ರಾಯ. ಮೊದಲನೆಯದಾಗಿ, ಉಬುಂಟು ಕೆಟ್ಟು ಹೋದರೆ ಹೊಸದಾಗಿ ಹಾಕಿ, ಡೇಟಾ ಡಿಸ್ಕನ್ನು ಮತ್ತೆ ಜೋಡಿಸಿದರೆ ಸಾಕು. ಇನ್ನೊಂದು, ಹಿಗ್ಗಿಸುವ ಅಗತ್ಯ ಬರುವುದು ಹೆಚ್ಚಾಗಿ ಡೇಟಾ ಡಿಸ್ಕಿಗೇ. ಅದರಲ್ಲಿ ಬೂಟ್ ಪಾರ್ಟಿಷನ್, ರಿಕವರಿ ಪಾರ್ಟಿಷನ್ ಅಂತ ಅಡ್ಡ ಬರುವುದು ಏನೂ ಇರುವುದಿಲ್ಲ.

ಸ್ಟೋರೇಜ್ ಪುಟದಲ್ಲಿ ಸೇಟಾ ಕಂಟ್ರೋಲರ್ ಪಕ್ಕದ ಪ್ಲಸ್ ಗುರುತು ಒತ್ತಿ ಹಾರ್ಡ್ ಡಿಸ್ಕ್ ಆರಿಸಿ, ಕ್ರಿಯೇಟ್ ಕೊಡಿ. 60 ಜಿಬಿ ಕೊಟ್ಟು ಮುಗಿಸಿ. ಗೆಸ್ಟ್ ಒಳಗೆ ಹೋದರೆ ಅದು ಖಾಲಿ ಡಿಸ್ಕಾಗಿ ಕಾಣುತ್ತದೆ. ಉಬುಂಟುವಿನ ಡಿಸ್ಕ್ಸ್ ಅಪ್ಲಿಕೇಶನ್ನಿನಲ್ಲಿ ಅಥವಾ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಪಾರ್ಟಿಷನ್ ಪಟ್ಟಿಯ ಬಗೆಯಾಗಿ ಜಿಪಿಟಿ ಆರಿಸಿ ಒಂದೇ ಪಾರ್ಟಿಷನ್ ಮಾಡಿ. ಹಳೆಯ ಬಗೆಯಾದ ಎಂಬಿಆರ್ 2 ಟಿಬಿ ದಾಟುವುದಿಲ್ಲ. ಈಗ ಅದನ್ನು ಆರಿಸಲು ಕಾರಣವೂ ಇಲ್ಲ.

ಒಂದು ಎಚ್ಚರಿಕೆ. ಡಿಸ್ಕಿನ ಇನ್ನೊಂದು ಪ್ರತಿ ಬೇಕಾದರೆ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಕಾಪಿ-ಪೇಸ್ಟ್ ಮಾಡಬೇಡಿ. ಪ್ರತಿ ವಿಡಿಐ ಒಳಗೂ ಯುಯುಐಡಿ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ. ಕಾಪಿ ಮಾಡಿದರೆ ಎರಡಕ್ಕೂ ಅದೇ ಸಂಖ್ಯೆ, ವರ್ಚುವಲ್‌ಬಾಕ್ಸ್ ಎರಡನೆಯದನ್ನು ಒಪ್ಪುವುದಿಲ್ಲ. ಮೀಡಿಯಾ ಪುಟದಲ್ಲಿ ಡಿಸ್ಕ್ ಆರಿಸಿ ಕಾಪಿ ಕೊಟ್ಟರೆ ಹೊಸ ಸಂಖ್ಯೆಯೊಂದಿಗೆ ಪ್ರತಿ ಸಿಗುತ್ತದೆ.

ಸ್ನ್ಯಾಪ್‌ಶಾಟ್ ತಿನ್ನುವ ಜಾಗ

ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಹಳೆಯ ಡಿಸ್ಕ್ ಫೈಲ್ ಹಾಗೇ ನಿಲ್ಲುತ್ತದೆ. ಮುಂದೆ ಬರೆಯುವುದೆಲ್ಲ ಇನ್ನೊಂದು ಫೈಲಿಗೆ ಹೋಗುತ್ತದೆ. ಆ ಹೊಸ ಫೈಲ್ ಡಿಸ್ಕಿನ ಪೂರ್ತಿ ಅಳತೆಯವರೆಗೂ ಬೆಳೆಯಬಹುದು. ಅಂದರೆ 40 ಜಿಬಿ ಡಿಸ್ಕಿಗೆ ಎರಡು ಸ್ನ್ಯಾಪ್‌ಶಾಟ್ ಇದ್ದರೆ ಕೆಟ್ಟ ಸ್ಥಿತಿಯಲ್ಲಿ ಹೋಸ್ಟ್‌ನಲ್ಲಿ 120 ಜಿಬಿ ಬೇಕು. ಸಾಮಾನ್ಯವಾಗಿ ಅಷ್ಟು ಆಗುವುದಿಲ್ಲ. ಆದರೆ ವಿಂಡೋಸ್ ಗೆಸ್ಟಿನಲ್ಲಿ ಒಂದು ದೊಡ್ಡ ಅಪ್‌ಡೇಟ್ ಬಂದರೆ ಹತ್ತಾರು ಜಿಬಿ ಒಂದೇ ಸಲ ಏರುತ್ತದೆ.

ಮೊದಲೇ ಲೆಕ್ಕದಲ್ಲಿ 60 ಉಳಿಸಿದ್ದು ಇದಕ್ಕೇ. ಪ್ರಯೋಗ ಮುಗಿದ ಕೂಡಲೇ ಸ್ನ್ಯಾಪ್‌ಶಾಟ್ ಅಳಿಸಿ. ಅಳಿಸುವುದು ಅಂದರೆ ಎರಡು ಫೈಲನ್ನು ಬೆಸೆಯುವುದು. ಆ ಹೊತ್ತಿಗೂ ಸ್ವಲ್ಪ ಖಾಲಿ ಜಾಗ ಬೇಕು. ಹೋಸ್ಟ್ ಪೂರ್ತಿ ತುಂಬಿದ ಮೇಲೆ ಸ್ನ್ಯಾಪ್‌ಶಾಟ್ ಅಳಿಸಿ ಜಾಗ ಮಾಡೋಣ ಅಂದುಕೊಂಡರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.

ಡೇಟಾ ಡಿಸ್ಕ್ ಸ್ನ್ಯಾಪ್‌ಶಾಟಿಗೆ ಸಿಗಬಾರದು ಅಂತಿದ್ದರೆ ಮೀಡಿಯಾ ಪುಟದಲ್ಲಿ ಅದರ ಟೈಪ್ ಅನ್ನು ರೈಟ್‌ಥ್ರೂ ಮಾಡಿ. ಆಗ ಮಷೀನನ್ನು ಹಿಂದಕ್ಕೆ ತಂದರೂ ಡೇಟಾ ಮುಟ್ಟುವುದಿಲ್ಲ. ಹಾಗಂತ ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ಎಲ್ಲ ಫೈಲೂ ಅದೇ ಎಸ್‌ಎಸ್‌ಡಿಯಲ್ಲಿವೆ, ಅದು ಹೋದರೆ ಎಲ್ಲವೂ ಹೋಯಿತು.

ಹಿಗ್ಗಿಸುವುದು

ಎಲ್ಲರೂ ಎಡವುವ ಜಾಗ ಇದು. ಮೂರು ಪದರ ಇದೆ ಅಂತ ನೆನಪಿಡಿ. ಕೆಳಗೆ ಡಿಸ್ಕ್, ಅದರ ಮೇಲೆ ಪಾರ್ಟಿಷನ್, ಅದರ ಮೇಲೆ ಫೈಲ್ ಸಿಸ್ಟಮ್. ವರ್ಚುವಲ್‌ಬಾಕ್ಸ್ ಹಿಗ್ಗಿಸುವುದು ಕೆಳಗಿನ ಪದರವನ್ನು ಮಾತ್ರ. ಮೇಲಿನ ಎರಡನ್ನು ಗೆಸ್ಟ್ ಒಳಗೆ ಹೋಗಿ ನೀವೇ ಮಾಡಬೇಕು. 40 ಇದ್ದುದನ್ನು 60 ಮಾಡಿ, ಗೆಸ್ಟ್ ಒಳಗೆ ಇನ್ನೂ 40 ಕಾಣುತ್ತಿದೆ ಅಂದರೆ ಏನೂ ಕೆಟ್ಟಿಲ್ಲ, ಕೆಲಸ ಅರ್ಧ ಆಗಿದೆ ಅಷ್ಟೇ.

ಮೊದಲು ಡಿಸ್ಕ್. ಗೆಸ್ಟನ್ನು ಶಟ್‌ಡೌನ್ ಮಾಡಿ, ಸೇವ್ ಸ್ಟೇಟ್ ಬೇಡ. ಡಿಸ್ಕಿನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಸ್ನ್ಯಾಪ್‌ಶಾಟ್ ಇದ್ದರೆ ಎಲ್ಲವನ್ನೂ ಅಳಿಸಿ ಬೆಸೆಯಿರಿ. ಇಲ್ಲದಿದ್ದರೆ ಮೂಲ ಫೈಲ್ ಮಾತ್ರ ಹಿಗ್ಗಿ, ಗೆಸ್ಟಿಗೆ ಹಳೆಯ ಅಳತೆಯೇ ಕಾಣುತ್ತದೆ. ವಿಎಂವೇರಿನಲ್ಲಿ ಸ್ನ್ಯಾಪ್‌ಶಾಟ್ ಇದ್ದರೆ ಎಕ್ಸ್‌ಪ್ಯಾಂಡ್ ಮಾಡಲು ಬಿಡುವುದೇ ಇಲ್ಲ. ನನಗೆ ಅದೇ ವಾಸಿ ಅನಿಸುತ್ತದೆ. ಇನ್ನು ಟೂಲ್ಸ್ ಒಳಗಿನ ಮೀಡಿಯಾ ಪುಟಕ್ಕೆ ಹೋಗಿ, ಡಿಸ್ಕ್ ಆರಿಸಿ, ಪ್ರಾಪರ್ಟೀಸ್‌ನಲ್ಲಿ ಹೊಸ ಅಳತೆ ಟೈಪ್ ಮಾಡಿ ಅಪ್ಲೈ ಒತ್ತಿ. ಡೈನಾಮಿಕ್ ವಿಡಿಐ ಆದರೆ ಕ್ಷಣದಲ್ಲಿ ಆಗುತ್ತದೆ. ಹೈಪರ್-ವಿಯಲ್ಲಿ ಎಡಿಟ್ ಡಿಸ್ಕ್ ಒಳಗೆ ಎಕ್ಸ್‌ಪ್ಯಾಂಡ್ ಇದೆ.

ಈಗ ಉಬುಂಟು ಗೆಸ್ಟ್ ಒಳಗೆ. ಮೊದಲು ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟು ನೋಡಿ. ಎಸ್‌ಡಿಎ (ಮೊದಲ ಡಿಸ್ಕಿನ ಹೆಸರು) 60 ಜಿಬಿ ಅಂತಲೂ ಅದರ ಕೆಳಗಿನ ಪಾರ್ಟಿಷನ್ 40ರ ಆಸುಪಾಸಿನಲ್ಲೂ ಕಾಣಬೇಕು. ಪಾರ್ಟಿಷನ್ ಹಿಗ್ಗಿಸಲು ಗ್ರೋಪಾರ್ಟ್ ಕಮಾಂಡ್. ಅದಕ್ಕೆ ಮೊದಲು ಡಿಸ್ಕಿನ ಹೆಸರು, ನಡುವೆ ಒಂದು ಸ್ಪೇಸ್, ಆಮೇಲೆ ಪಾರ್ಟಿಷನ್ನಿನ ಸಂಖ್ಯೆ ಕೊಡಬೇಕು. ಆ ಸ್ಪೇಸ್ ಬಿಟ್ಟು ಬರೆದರೆ ಅದು ಕೆಲಸ ಮಾಡುವುದಿಲ್ಲ. ಆಮೇಲೆ ಫೈಲ್ ಸಿಸ್ಟಮ್. ಇಎಕ್ಸ್‌ಟಿ4 ಆದರೆ ರೀಸೈಜ್2ಎಫ್‌ಎಸ್, ರೆಡ್ ಹ್ಯಾಟ್ ಕಡೆಯ ಎಕ್ಸ್‌ಎಫ್‌ಎಸ್ ಆದರೆ ಎಕ್ಸ್‌ಎಫ್‌ಎಸ್ ಗ್ರೋಎಫ್‌ಎಸ್ (ನಡುವೆ ಅಂಡರ್‌ಸ್ಕೋರ್). ಎರಡನ್ನೂ ಮಷೀನ್ ಓಡುತ್ತಿರುವಾಗಲೇ ಮಾಡಬಹುದು. ಎಕ್ಸ್‌ಎಫ್‌ಎಸ್ ಅನ್ನು ಈ ಥರ ಹಿಗ್ಗಿಸಿದ ಮೇಲೆ ಮತ್ತೆ ಕುಗ್ಗಿಸಿಕೊಳ್ಳಬಹುದು ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ.

ಉಬುಂಟು ಸರ್ವರ್ ಹಾಕಿದವರಿಗೆ ಒಂದು ವಿಚಿತ್ರ ಅನುಭವ ಆಗುತ್ತದೆ. 60 ಜಿಬಿ ಕೊಟ್ಟಿರುತ್ತಾರೆ. ಮೊದಲ ದಿನವೇ ಡಿಎಫ್ ಕಮಾಂಡ್ ಕೊಟ್ಟರೆ ರೂಟ್ ಅದರ ಅರ್ಧ ಕೂಡ ಇರುವುದಿಲ್ಲ. ಅದರ ಇನ್‌ಸ್ಟಾಲರ್ ಮಾಡುವುದೇ ಹಾಗೆ. ಎಲ್‌ವಿಎಂ (ಡಿಸ್ಕಿನ ಜಾಗವನ್ನು ವಾಲ್ಯೂಮ್ ಗ್ರೂಪ್ ಎಂಬ ಗುಂಪಿನಲ್ಲಿ ಇಟ್ಟು ಬೇಕಾದಷ್ಟು ಹಂಚುವ ವ್ಯವಸ್ಥೆ) ಬಳಸಿದಾಗ, ಜಾಗ 20ರಿಂದ 200 ಜಿಬಿಯೊಳಗೆ ಇದ್ದರೆ ಸುಮಾರು ಅರ್ಧವನ್ನಷ್ಟೇ ರೂಟಿಗೆ ಕೊಡುತ್ತದೆ. 200 ದಾಟಿದರೆ 100 ಜಿಬಿ ಮಾತ್ರ ಕೊಡುತ್ತದೆ. ಉಳಿದದ್ದು ವಾಲ್ಯೂಮ್ ಗ್ರೂಪಿನಲ್ಲಿ ಯಾರಿಗೂ ಕೊಡದೆ ಬಿದ್ದಿರುತ್ತದೆ. ಹಾಗಾಗಿ ವರ್ಚುವಲ್ ಡಿಸ್ಕನ್ನು ಹಿಗ್ಗಿಸಲು ಹೋಗುವ ಮುನ್ನ ವಿಜಿಎಸ್ ಕಮಾಂಡ್ ಕೊಟ್ಟು ಫ್ರೀ ಎಷ್ಟಿದೆ ನೋಡಿ. ಇದ್ದರೆ ಎಲ್‌ವಿಎಕ್ಸ್‌ಟೆಂಡ್ ಒಂದೇ ಸಾಕು. ಅದಕ್ಕೆ ಮೈನಸ್ ಆರ್ ಆಯ್ಕೆ ಕೊಟ್ಟರೆ ಫೈಲ್ ಸಿಸ್ಟಮನ್ನೂ ಅದೇ ಹಿಗ್ಗಿಸುತ್ತದೆ. ಅಲ್ಲಿಯೂ ಖಾಲಿ ಇಲ್ಲದಿದ್ದರೆ ಮಾತ್ರ ಡಿಸ್ಕ್ ಹಿಗ್ಗಿಸಿ, ಗ್ರೋಪಾರ್ಟ್, ಪಿವಿರೀಸೈಜ್, ಎಲ್‌ವಿಎಕ್ಸ್‌ಟೆಂಡ್ ಅಂತ ಕ್ರಮವಾಗಿ ಹೋಗಿ.

ವಿಂಡೋಸ್ ಗೆಸ್ಟಿನಲ್ಲಿ ಬೇರೆ ತೊಡಕು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಟೆಂಡ್ ವಾಲ್ಯೂಮ್ ಮಸುಕಾಗಿರುತ್ತದೆ. ಬಲಗಡೆ ಖಾಲಿ ಜಾಗ ಕಣ್ಣಿಗೆ ಕಾಣುತ್ತಿದೆ, ಆದರೂ ಆಗುವುದಿಲ್ಲ. ಸಿ ಮತ್ತು ಆ ಜಾಗದ ನಡುವೆ ರಿಕವರಿ ಪಾರ್ಟಿಷನ್ ಕೂತಿರುವುದೇ ಕಾರಣ. ವಿಂಡೋಸ್ ತನ್ನ ಪಕ್ಕಕ್ಕೆ ಅಂಟಿಕೊಂಡ ಜಾಗವನ್ನು ಮಾತ್ರ ಸೇರಿಸಿಕೊಳ್ಳುತ್ತದೆ. ಇದಕ್ಕೆ ಎರಡು ದಾರಿ. ಸುಲಭದ್ದು, ಪಾರ್ಟಿಷನ್ ಹೊಂದಿಸುವ ಉಪಕರಣವಾದ ಜಿಪಾರ್ಟೆಡ್ ಲೈವ್ ಐಎಸ್‌ಒವಿನಿಂದ ಗೆಸ್ಟನ್ನು ಬೂಟ್ ಮಾಡಿ, ರಿಕವರಿ ಪಾರ್ಟಿಷನ್ನನ್ನು ಬಲದ ತುದಿಗೆ ಸರಿಸಿ, ಆಮೇಲೆ ವಿಂಡೋಸ್ ಒಳಗೆ ಬಂದು ಎಕ್ಸ್‌ಟೆಂಡ್ ಒತ್ತುವುದು. ಇನ್ನೊಂದು, ರಿಏಜೆಂಟ್‌ಸಿ ಕಮಾಂಡಿನಿಂದ ರಿಕವರಿಯನ್ನು ಡಿಸೇಬಲ್ ಮಾಡಿ, ಡಿಸ್ಕ್‌ಪಾರ್ಟಿನಲ್ಲಿ ಆ ಪಾರ್ಟಿಷನ್ ಅಳಿಸುವುದು. ಪ್ರಯೋಗದ ಮಷೀನಿಗೆ ರಿಕವರಿ ಇಲ್ಲದಿದ್ದರೂ ನಡೆಯುತ್ತದೆ. ಎರಡರಲ್ಲಿ ಯಾವುದೇ ಆದರೂ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಆನ್ ಇದೆಯಾ ಅಂತ ಮೊದಲು ನೋಡಿ, ಇದ್ದರೆ ಆಫ್ ಮಾಡಿ ಡೀಕ್ರಿಪ್ಟ್ ಮುಗಿಯುವವರೆಗೆ ಕಾಯಿರಿ.

ಅಳಿಸಿದರೂ ಫೈಲ್ ಕುಗ್ಗುತ್ತಿಲ್ಲ

ಗೆಸ್ಟ್ ಒಳಗೆ 20 ಜಿಬಿ ಅಳಿಸುತ್ತೀರಿ, ಹೋಸ್ಟ್‌ನ ವಿಡಿಐ ಫೈಲ್ ಒಂದು ಎಂಬಿಯೂ ಇಳಿಯುವುದಿಲ್ಲ. ಡಿಲೀಟ್ ಅಂದರೆ ಗೆಸ್ಟಿನ ಪಟ್ಟಿಯಿಂದ ಹೆಸರು ತೆಗೆದಿದ್ದಷ್ಟೇ. ಆ ಜಾಗದಲ್ಲಿ ಹಳೆಯ ಬೈಟುಗಳು ಹಾಗೇ ಇರುತ್ತವೆ. ಅವು ಬೇಡ ಅಂತ ಹೊರಗಿನ ವರ್ಚುವಲ್‌ಬಾಕ್ಸಿಗೆ ಹೇಗೆ ತಿಳಿಯಬೇಕು?

ಅದಕ್ಕೆ ಮೊದಲು ಖಾಲಿ ಜಾಗಕ್ಕೆಲ್ಲ ಸೊನ್ನೆ ಬರೆಯಬೇಕು. ವಿಂಡೋಸ್ ಗೆಸ್ಟಿನಲ್ಲಿ ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್‌ನ ಎಸ್‌ಡಿಲೀಟ್ ಅನ್ನು ಝೆಡ್ ಆಯ್ಕೆಯೊಂದಿಗೆ ಓಡಿಸಿ. ಲಿನಕ್ಸಿನಲ್ಲಿ ಝೀರೋಫ್ರೀ ಇದೆ, ಆದರೆ ಫೈಲ್ ಸಿಸ್ಟಮನ್ನು ರೀಡ್ ಓನ್ಲಿ ಮಾಡಿ ಓಡಿಸಬೇಕು. ಆಮೇಲೆ ಗೆಸ್ಟ್ ಆಫ್ ಮಾಡಿ, ಹೋಸ್ಟ್‌ನಲ್ಲಿ ವಿಬಾಕ್ಸ್‌ಮ್ಯಾನೇಜ್‌ನ ಮಾಡಿಫೈಮೀಡಿಯಂ ಕಮಾಂಡಿಗೆ ಕಾಂಪ್ಯಾಕ್ಟ್ ಆಯ್ಕೆ ಕೊಡಿ. ಸೊನ್ನೆ ಬರೆಯುವಾಗ ಡೈನಾಮಿಕ್ ಫೈಲ್ ತಾತ್ಕಾಲಿಕವಾಗಿ ತನ್ನ ಪೂರ್ತಿ ಅಳತೆಗೆ ಉಬ್ಬಬಹುದು. ಹೋಸ್ಟ್‌ನಲ್ಲಿ ಅಷ್ಟು ಜಾಗ ಇದೆಯಾ ನೋಡಿಕೊಂಡೇ ಶುರು ಮಾಡಿ. ಕೆವಿಎಂನಲ್ಲಿ ಈ ಸರ್ಕಸ್ ಬೇಕಿಲ್ಲ. ವರ್ಟ್-ಮ್ಯಾನೇಜರಿನಲ್ಲಿ ಡಿಸ್ಕಿನ ಡಿಸ್ಕಾರ್ಡ್ ಮೋಡನ್ನು ಅನ್‌ಮ್ಯಾಪ್ ಮಾಡಿ, ಗೆಸ್ಟ್ ಒಳಗೆ ಎಫ್‌ಎಸ್‌ಟ್ರಿಮ್ ಓಡಿಸಿದರೆ ಜಾಗ ತಾನಾಗಿ ವಾಪಸ್ ಬರುತ್ತದೆ.

ಇದು ಕುಗ್ಗಿಸುವುದು ಫೈಲನ್ನು ಮಾತ್ರ, ಡಿಸ್ಕಿನ ಗರಿಷ್ಠ ಅಳತೆಯನ್ನಲ್ಲ. 80 ಕೊಟ್ಟದ್ದನ್ನು 50 ಮಾಡಲು ವರ್ಚುವಲ್‌ಬಾಕ್ಸಿನಲ್ಲಿ ದಾರಿಯೇ ಇಲ್ಲ. ಹೊಸ 50ರ ಡಿಸ್ಕ್ ಮಾಡಿ, ಗೆಸ್ಟಿನ ಪಾರ್ಟಿಷನ್ನನ್ನು ಮೊದಲು ಕುಗ್ಗಿಸಿ, ಜಿಪಾರ್ಟೆಡ್ಡಿನಲ್ಲಿ ಒಂದೊಂದೇ ಪಾರ್ಟಿಷನ್ ಅಲ್ಲಿಗೆ ಕಾಪಿ ಮಾಡಬೇಕು. ಬೂಟ್ ಆಗದೆ ಅದನ್ನೂ ಸರಿ ಮಾಡಬೇಕಾಗಿ ಬರಬಹುದು. ಹೆಚ್ಚಿನ ಸಲ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಬೇಗ ಆಗುತ್ತದೆ. ಹೈಪರ್-ವಿಯಲ್ಲಿ ವಿಎಚ್‌ಡಿಎಕ್ಸ್ ಕೊನೆಯಲ್ಲಿ ಖಾಲಿ ಜಾಗ ಇದ್ದರೆ ಶ್ರಿಂಕ್ ಮಾಡಲು ಬಿಡುತ್ತದೆ.

ಹೋಸ್ಟ್ ತುಂಬಿ ಮಷೀನ್ ನಿಂತರೆ

ಡೈನಾಮಿಕ್ ಡಿಸ್ಕ್ ಬೆಳೆಯಲು ಹೋಸ್ಟ್‌ನಲ್ಲಿ ಜಾಗ ಸಿಗದಿದ್ದರೆ ವರ್ಚುವಲ್‌ಬಾಕ್ಸ್ ಗೆಸ್ಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ (ಪಾಝ್) ಸಂದೇಶ ತೋರಿಸುತ್ತದೆ. ಗಾಬರಿಯಾಗಿ ಪವರ್ ಆಫ್ ಒತ್ತಬೇಡಿ. ಗೆಸ್ಟ್ ಬರೆಯುತ್ತಿದ್ದ ಜಾಗದಲ್ಲೇ ನಿಂತಿದೆ. ಹೋಸ್ಟ್‌ನಲ್ಲಿ ಹಳೆಯ ಐಎಸ್‌ಒ, ಡೌನ್‌ಲೋಡ್ಸ್ ಫೋಲ್ಡರ್, ರಿಸೈಕಲ್ ಬಿನ್ ಖಾಲಿ ಮಾಡಿ ಕೆಲವು ಜಿಬಿ ಹೊಂದಿಸಿ, ರೆಸ್ಯೂಮ್ ಕೊಡಿ. ಅದು ನಿಂತಲ್ಲಿಂದ ಮುಂದುವರಿಯುತ್ತದೆ. ಕೆವಿಎಂ ಕೂಡ ಹೀಗೇ ನಿಲ್ಲಿಸುತ್ತದೆ. ಆಮೇಲೆ ಗೆಸ್ಟನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಶಾಂತವಾಗಿ ಲೆಕ್ಕ ಮತ್ತೆ ಹಾಕಿ.

ಲೆಕ್ಕ ಹಾಕಿದರೂ ಜಾಗ ಸಾಲದೇ ಇದ್ದರೆ ಇನ್ನೊಂದು ಡ್ರೈವ್ ಕೊಳ್ಳಬೇಕು. ಕಂಪ್ಯೂಟರ್ ಅಂಗಡಿಗಳಿರುವ ಎಸ್‌.ಪಿ. ರಸ್ತೆಗೆ ಹೋಗುವ ಮುನ್ನ ಲ್ಯಾಪ್‌ಟಾಪಿನ ಮಾಡೆಲ್ ನೋಡಿ, ಎಸ್‌ಎಸ್‌ಡಿ ಕೂರಿಸುವ ಎರಡನೇ ಎಂ.2 ಸ್ಲಾಟ್ ಇದೆಯಾ, ಅದಕ್ಕೆ ಎನ್‌ವಿಎಂಇ ಹಿಡಿಸುತ್ತದಾ ಅಥವಾ ಸೇಟಾ ಮಾತ್ರವಾ ಅಂತ ಬರೆದುಕೊಳ್ಳಿ. ಎರಡೂ ನೋಡಲು ಒಂದೇ ಥರ ಇರುತ್ತವೆ. ಸ್ಲಾಟ್ ಇಲ್ಲದಿದ್ದರೆ ಯುಎಸ್‌ಬಿ ಎಸ್‌ಎಸ್‌ಡಿ ಸಾಕು, ಪೆನ್ ಡ್ರೈವ್ ಬೇಡ. ಪೆನ್ ಡ್ರೈವಿನಲ್ಲಿ ಚಿಕ್ಕ ಚಿಕ್ಕ ಬರವಣಿಗೆ ಬಹಳ ನಿಧಾನ. ತಂದ ಡ್ರೈವ್ ಎಫ್‌ಎಟಿ32ರಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ. ಆಮೇಲೆ ಮಷೀನಿನ ಮೇಲೆ ರೈಟ್ ಕ್ಲಿಕ್ ಮಾಡಿ ಮೂವ್ ಕೊಟ್ಟು ಹೊಸ ಡ್ರೈವ್ ಆರಿಸಿ. ಡಿಸ್ಕ್, ಸ್ನ್ಯಾಪ್‌ಶಾಟ್, ಸೆಟ್ಟಿಂಗ್ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಮಷೀನ್ ಓಡುತ್ತಿರುವಾಗ ಆ ಕೇಬಲ್ ಕೀಳಬೇಡಿ, ಮೇಜಿನ ಅಂಚಿನಲ್ಲಿ ನೇತಾಡಲೂ ಬಿಡಬೇಡಿ.